ಚರ್ಚೆ: ವಿಶ್ವವಿದ್ಯಾಲಯದ ಕಲಾಕೇಂದ್ರ ಕಲಾವಿದರನ್ನು ರೂಪಿಸಬೇಕೋ, ಪ್ರೇಕ್ಷಕರನ್ನೋ?

ಉಡುಪಿಯ ಪ್ರೇಕ್ಷಕ:
ಉಡುಪಿಯ ಯಕ್ಷಗಾನ ಕೇಂದ್ರವು 1971ರಲ್ಲಿ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ, ಕು.ಶಿ. ಹರಿದಾಸ ಭಟ್ಟರ ಉತ್ಸಾಹದಿಂದಲೂ ಶಿವರಾಮ ಕಾರಂತರ ಮಾರ್ಗದರ್ಶನದಿಂದಲೂ ಆರಂಭವಾಯಿತು. ಇಂದು ಅದು ಮಣಿಪಾಲದ ಮಾಹೆ ವಿಶ್ವವಿದ್ಯಾಲಯದ ಅಂಗಸಂಸ್ಥೆ. ಇಂದ್ರಾಳಿಯ ಆ ಕೇಂದ್ರದಲ್ಲಿ ಹುಡುಗರು ಗುರುಕುಲದ ಕ್ರಮದಲ್ಲಿ ಉಳಿದುಕೊಂಡು, ಹಗಲು ಶಾಲೆ ಕಾಲೇಜಿಗೆ ಹೋಗುತ್ತ, ಬೆಳಗ್ಗೆ ಮತ್ತು ಸಂಜೆ ತಾಳ, ಹೆಜ್ಜೆ, ಮದ್ದಳೆ ಕಲಿಯುತ್ತಾರೆ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಮಣಿಪಾಲದಲ್ಲಿ ದೇಶದ ನಾನಾ ಕಡೆಯಿಂದ ಬಂದ ಸಾವಿರಾರು ವಿದ್ಯಾರ್ಥಿಗಳಿದ್ದಾರೆ. ವೈದ್ಯಕೀಯವನ್ನೋ ಎಂಜಿನಿಯರಿಂಗನ್ನೋ ಓದಿ ಊರಿಗೆ ಮರಳುವ ಒಬ್ಬ ವಿದ್ಯಾರ್ಥಿ ಒಂದಾದರೂ ಪ್ರಸಂಗವನ್ನು, ಅಂದರೆ ಯಕ್ಷಗಾನದ ಕಥೆಯನ್ನು, ಕೂತು ನೋಡುವಂತೆ ಮಾಡುವುದು ಕೇಂದ್ರದ ಹೊಣೆಯೇ, ಅಲ್ಲವೇ? ನನ್ನ ಮಟ್ಟಿಗೆ ಅದು ಮುಖ್ಯ ಹೊಣೆ. ನೋಡುವವರಿಲ್ಲದೆ ಕಲಿಸುವುದರಿಂದ ಕಲೆ ಉಳಿಯದು.

ಕುಂದಾಪುರದ ಹವ್ಯಾಸಿ ವೇಷಧಾರಿ:
ನಿಮ್ಮ ಕಾಳಜಿಯನ್ನು ಗೌರವಿಸುತ್ತೇನೆ, ಆದರೆ ಆದ್ಯತೆಯ ವಿಷಯದಲ್ಲಿ ಒಪ್ಪಲಾರೆ. ಹಿಂದೆ ಮೇಳಕ್ಕೆ (ಯಕ್ಷಗಾನ ತಂಡಕ್ಕೆ) ಸೇರಿದ ಹುಡುಗ, ಕಥೆಗೆ ಮುಂಚಿನ ಕುಣಿತಗಳ ಭಾಗವಾದ ಪೂರ್ವರಂಗದಲ್ಲಿ ಕೋಡಂಗಿಯಾಗಿ ಕುಣಿದು, ಬಾಲಗೋಪಾಲನಾಗಿ, ಪೀಠಿಕೆ ಸ್ತ್ರೀವೇಷವಾಗಿ, ವರ್ಷಗಳ ಮೇಲೆ ಪ್ರಸಂಗದ ವೇಷಕ್ಕೆ ಏರುತ್ತಿದ್ದ. ರಾತ್ರಿಯಿಡೀ ನಡೆಯುತ್ತಿದ್ದ ಆಟ ಕಾಲಮಿತಿಗೆ ಇಳಿದಾಗ ಮೊದಲು ಕತ್ತರಿ ಬಿದ್ದದ್ದು ಈ ಪೂರ್ವರಂಗಕ್ಕೆ, ಅದರೊಂದಿಗೆ ಹೊಸಬನ ಕಲಿಕೆಯ ಮೆಟ್ಟಿಲುಗಳೂ ಹೋದವು. ಮೇಳಕ್ಕೆ ಈಗ ಸಾಧ್ಯವಾಗದ ಆ ಕೆಲಸವನ್ನು ಮಾಡಲು ಕೇಂದ್ರವಿದೆ. ಪದರಪದರವಾಗಿ ಬಟ್ಟೆ ಸುತ್ತಿ ಬಡಗುತಿಟ್ಟಿನ (ಯಕ್ಷಗಾನದ ಬಡಗಣ ಶೈಲಿಯ) ಮುಂಡಾಸು ಕಟ್ಟುವುದನ್ನು ಮೂರು ದಿನದ ಕಾರ್ಯಾಗಾರದಲ್ಲಿ ಯಾರೂ ಕಲಿಯಲಾರರು. ಎಲ್ಲರಿಗೂ ಸ್ವಲ್ಪ ಸ್ವಲ್ಪ ತೋರಿಸಲು ಹೊರಟರೆ, ಪೂರ್ತಿ ಕಲಿಯಬಲ್ಲ ಹತ್ತು ಹುಡುಗರ ಹೊತ್ತು ಅದಕ್ಕೇ ಸಂದುಹೋಗುತ್ತದೆ.

ಅಮೆರಿಕದ ಅರ್ಬಾನಾದಲ್ಲಿರುವ ಕನ್ನಡಿಗ:
ಕಲಿಕೆ ಮತ್ತು ಪ್ರದರ್ಶನವನ್ನು ಒಂದೇ ಸೂರಿನಡಿ ನಡೆಸುವ ಒಂದು ಉದಾಹರಣೆಯನ್ನು ಹೇಳಬಯಸುತ್ತೇನೆ. ಇಲ್ಲಿಯ ಇಲಿನಾಯ್ ವಿಶ್ವವಿದ್ಯಾಲಯದ ಕ್ರ್ಯಾನರ್ಟ್ ಪ್ರದರ್ಶನ ಕಲೆಗಳ ಕೇಂದ್ರ 1969ರಲ್ಲಿ ತೆರೆಯಿತು. ಒಳಗೆ ನಾಲ್ಕು ರಂಗಮಂದಿರಗಳು, ಹೊರಗೊಂದು ಬಯಲು ರಂಗಮಂದಿರ. ನಾಟಕ ವಿಭಾಗದ ವಿದ್ಯಾರ್ಥಿಗಳು ರಂಗಸಜ್ಜಿಕೆ ಕಟ್ಟುವ, ಉಡುಪು ಹೊಲಿಯುವ, ಬೆಳಕು ಹೊಂದಿಸುವ ಕೆಲಸವನ್ನು ಅಲ್ಲಿಯ ಕಾರ್ಯಾಗಾರಗಳಲ್ಲೇ, ನುರಿತ ಕುಶಲಕರ್ಮಿಗಳ ಜೊತೆ ನಿಂತು ಕಲಿಯುತ್ತಾರೆ. ಶಾಲಾ ಮಕ್ಕಳಿಗಾಗಿ ಹಗಲು ಪ್ರದರ್ಶನಗಳಿರುತ್ತವೆ. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅಲ್ಲಿಯ ವಿಶಾಲವಾದ ಮೊಗಸಾಲೆ: ಟಿಕೆಟ್ ಇಲ್ಲದ ವಿದ್ಯಾರ್ಥಿಯೂ ಅಲ್ಲಿ ಕೂತು ಓದಿಕೊಳ್ಳಬಹುದು. ದಿನವೂ ಹೋಗಿ ಬರುವ ಜಾಗದಲ್ಲಿ ಸಂಜೆ ಏನಿದೆಯೆಂದು ವಿಚಾರಿಸಲು ಯಾರಿಗೂ ಸಂಕೋಚವಿರುವುದಿಲ್ಲ. ಕ್ರ್ಯಾನರ್ಟ್ ದಂಪತಿಯ ದೊಡ್ಡ ದೇಣಿಗೆಯಿಂದ ಎದ್ದ ಕಟ್ಟಡವದು, ಅಂಥದ್ದು ಎಲ್ಲೆಡೆ ಆಗದು ಎಂಬುದನ್ನೂ ಹೇಳಲೇಬೇಕು. ಆದರೆ ಬಾಗಿಲು ತೆರೆದಿಡಲು ದೇಣಿಗೆ ಬೇಕಿಲ್ಲ.

ಧಾರವಾಡದ ನಿವೃತ್ತ ಅಧ್ಯಾಪಕಿ:
ಕಲಿಸುವವರು ಯಾರು ಎಂಬುದನ್ನು ಬಿಟ್ಟು ಈ ಚರ್ಚೆ ಮುಂದುವರಿಯಬಾರದು. ನಮ್ಮ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಅವರಂಥವರು ವಿದ್ಯಾರ್ಥಿಗಳಿಗೆ ಸಂಗೀತ ಹೇಳಿಕೊಟ್ಟರು. ಅವರ ಅರ್ಹತೆ ಅವರ ಕಂಠದಲ್ಲಿತ್ತೇ ಹೊರತು ಪದವಿಯಲ್ಲಿ ಅಲ್ಲ. ಊರಿನವರು ಯಾರ ಹಾಡು ಕೇಳಲು ರಾತ್ರಿಯೆಲ್ಲ ಕೂರುತ್ತಿದ್ದರೋ ಅವರೇ ತರಗತಿಯಲ್ಲಿದ್ದಾಗ, ವಿಶ್ವವಿದ್ಯಾಲಯಕ್ಕೂ ಊರಿಗೂ ನಂಟು ತಾನಾಗಿ ಬೆಳೆಯಿತು. ಇಂದು ಕಾಯಂ ಹುದ್ದೆಗೆ ಸಾಮಾನ್ಯವಾಗಿ ನೆಟ್ (ಅಧ್ಯಾಪಕರ ಅರ್ಹತಾ ಪರೀಕ್ಷೆ) ಅಥವಾ ಪಿಎಚ್.ಡಿ. ಕೇಳುತ್ತಾರೆ. ತಮ್ಮ ಕ್ಷೇತ್ರದಲ್ಲಿ ನುರಿತವರನ್ನು ಬೋಧಕರಾಗಿ ನೇಮಿಸಲು 2022ರಲ್ಲಿ ಯುಜಿಸಿ ತಂದ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ವ್ಯವಸ್ಥೆಯಲ್ಲಿ ಪದವಿಯ ಕಡ್ಡಾಯವಿಲ್ಲ ನಿಜ, ಆದರೆ ಅವಧಿ ಮೂರು ವರ್ಷ, ಹೆಚ್ಚೆಂದರೆ ನಾಲ್ಕು. ಅಷ್ಟರಲ್ಲಿ ಯಕ್ಷಗಾನದ ಹಾಡುಗಾರರಾದ ಒಬ್ಬ ಭಾಗವತರು ಶಿಷ್ಯನನ್ನು ತಯಾರು ಮಾಡಲು ಸಾಧ್ಯವೇ, ಕುಂದಾಪುರದವರೇ ಹೇಳಲಿ.

ಕುಂದಾಪುರದ ಹವ್ಯಾಸಿ ವೇಷಧಾರಿ:
ಸಾಧ್ಯವಿಲ್ಲ ಅಮ್ಮ. ತಾಳ ಕೈಗೆ ಕೂರುವ ಹೊತ್ತಿಗೆ ಅವಧಿ ಮುಗಿದಿರುತ್ತದೆ.

ಮೈಸೂರಿನ ವಿದ್ಯಾರ್ಥಿನಿ:
ಹಿರಿಯರೆಲ್ಲರೂ ವಿದ್ಯಾರ್ಥಿಗಳನ್ನು ಕರೆತರಬೇಕಾದವರು ಎಂದೇ ಭಾವಿಸಿದಂತಿದೆ. ದಸರೆಗೆ ಮುಂಚೆ ನಮ್ಮ ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ನಡೆಯುವಾಗ ಒಮ್ಮೆ ಬಂದು ನೋಡಿ. ರಾಜ್ಯದ ಬೇರೆ ಬೇರೆ ಕಾಲೇಜುಗಳ ತಂಡಗಳು ಕುಣಿಯುತ್ತವೆ, ನೋಡಲು ಕಿಕ್ಕಿರಿಯುವವರೂ ನಾವೇ. ಹಾಗಾಗಿ ಆಸಕ್ತಿಯ ಕೊರತೆ ನಮ್ಮಲ್ಲಿಲ್ಲ. ಆ ಕೆಲವು ಸಂಜೆಗಳು ಕಳೆದ ಮೇಲೆ, ಕುಣಿಯುವ ಆಸೆ ಹುಟ್ಟಿದ ವಿದ್ಯಾರ್ಥಿಗೆ ವಾರವಾರವೂ ಹೋಗಿ ಕಲಿಯಲು, ಗುರುವೊಬ್ಬರಿಂದ ತಿದ್ದಿಸಿಕೊಳ್ಳಲು ಜಾಗ ಬೇಕು. ಹಬ್ಬಕ್ಕೆ ಮೀಸಲಾದ ಶ್ರಮದ ಒಂದು ಪಾಲನ್ನಾದರೂ ವರ್ಷದುದ್ದದ ಅಭ್ಯಾಸಕ್ಕೆ ಇಡಬೇಕೆಂಬುದು ನನ್ನ ಬೇಡಿಕೆ.

ಉಡುಪಿಯ ಪ್ರೇಕ್ಷಕ:
ಈ ಮಾತುಗಳನ್ನು ಓದಿದ ಮೇಲೆ ನನ್ನ ಪ್ರಶ್ನೆಯನ್ನು ಒಂದು ಸಲಹೆಯಾಗಿ ಬದಲಿಸುತ್ತೇನೆ. ಮೇಳಗಳಲ್ಲಿ ಕಡಿತವಾದ ಪೂರ್ವರಂಗವನ್ನು ಕೇಂದ್ರದ ಹುಡುಗರು ಪ್ರತಿ ವಾರ ಒಂದು ಗೊತ್ತಾದ ಸಂಜೆ ವಿದ್ಯಾರ್ಥಿ ನಿಲಯಗಳ ಹತ್ತಿರದ ಬಯಲಿನಲ್ಲಿ ಪೂರ್ತಿಯಾಗಿ ಆಡಲಿ. ಹುಡುಗರಿಗೆ ಕಳೆದುಹೋದ ಮೆಟ್ಟಿಲು ಸಿಗುತ್ತದೆ, ಭಾಷೆ ತಿಳಿಯದ ಹೊರರಾಜ್ಯದ ವಿದ್ಯಾರ್ಥಿಯೂ ಕುಣಿತವನ್ನು ನೋಡಿ ಆನಂದಿಸಬಹುದು. ಆಟಕ್ಕೆ ಮುಂಚೆ ಚೌಕಿಯನ್ನು (ವೇಷ ಕಟ್ಟುವ ಜಾಗವನ್ನು) ತೆರೆದಿಟ್ಟರೆ ಬಣ್ಣ ಹಚ್ಚುವುದನ್ನೂ ಮುಂಡಾಸು ಕಟ್ಟುವುದನ್ನೂ ಹತ್ತಿರದಿಂದ ನೋಡಬಹುದು. ಅವರಲ್ಲಿ ಒಬ್ಬಿಬ್ಬರು ಕಲಿಯಲು ಮುಂದೆ ಬಂದರೆ ಮೈಸೂರಿನ ತಂಗಿ ಕೇಳಿದಂತೆ ಅವರಿಗೆ ವಾರದ ಪಾಠ ಆರಂಭಿಸಬಹುದು.

ಕುಂದಾಪುರದ ಹವ್ಯಾಸಿ ವೇಷಧಾರಿ:
ಇದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ, ಎರಡು ಷರತ್ತುಗಳೊಂದಿಗೆ. ಹಾಡುವ, ವಾದ್ಯ ನುಡಿಸುವ ಹಿಮ್ಮೇಳ ಎದುರಿನಲ್ಲೇ ಕೂತು ನುಡಿಸಬೇಕು, ಧ್ವನಿಮುದ್ರಿಕೆ ಹಾಕಕೂಡದು. ಕುಣಿತದ ನಡುವೆ ಮೈಕಿನಲ್ಲಿ ವಿವರಣೆ ಕೊಡಬಾರದು, ಹೇಳುವುದೇನಿದ್ದರೂ ಚೌಕಿಯಲ್ಲಿ ಮೊದಲೇ ಹೇಳಿ ಮುಗಿಸಬೇಕು.