ಬ್ರೆಕ್ಸಿಟ್ ಮತ ನಿರ್ಧರಿಸಿದ್ದು ಕೌಶಲವೋ, ದುಡಿಯುವ ಉದ್ಯಮವೋ?

ಪ್ರಶ್ನೆ: ಎಂ.ಎ. ಪ್ರಬಂಧಕ್ಕೆ ಬ್ರೆಕ್ಸಿಟ್, ಅಂದರೆ ಯುರೋಪಿಯನ್ ಒಕ್ಕೂಟದಿಂದ ಹೊರಬರುವ ಕುರಿತ 2016ರ ಬ್ರಿಟನ್ ಜನಮತಗಣನೆ ಆರಿಸಿಕೊಂಡಿದ್ದೇನೆ. ಕಾರ್ಮಿಕರು ಮತ ಹಾಕಿದ್ದು ಕೌಶಲ ನೋಡಿಯೋ, ತಮ್ಮ ಉದ್ಯಮದ ಲಾಭನಷ್ಟ ನೋಡಿಯೋ? ಯಾವ ಅಂಕಿಅಂಶ ಬಳಸಲಿ, ಎಲ್ಲಿ ಎಡವುತ್ತಾರೆ?

ಉತ್ತರ 1: ಎರಡು ವಾದಗಳನ್ನು ಬೆರೆಸಬೇಡಿ. ಕೌಶಲದ ವಾದದಂತೆ, ಶ್ರೀಮಂತ ದೇಶದಲ್ಲಿ ಮುಕ್ತ ವ್ಯಾಪಾರ ಕಡಿಮೆ ಕೌಶಲದವರ ಕೂಲಿ ಕುಗ್ಗಿಸುತ್ತದೆ. ಯಾವ ಕಾರ್ಖಾನೆಯಲ್ಲಿದ್ದರೂ ಅವರು ಅದಕ್ಕೆ ವಿರುದ್ಧ. ಉದ್ಯಮದ ವಾದದಂತೆ, ರಫ್ತು ಕಾರ್ಖಾನೆಯಲ್ಲಿ ಎಂಜಿನಿಯರೂ ಹೆಲ್ಪರೂ ಒಂದೇ ಕಡೆ. ಇಂಗ್ಲೆಂಡಿನ ಸಂಡರ್‌ಲೆಂಡ್‌ನ ನಿಸಾನ್ ಕಾರ್ಖಾನೆ ಯುರೋಪಿಗೆ ಕಾರು ಕಳಿಸುತ್ತಿದ್ದರೂ ಆ ಊರಿನಲ್ಲಿ 61.3% ಮತ ಹೊರಬರಲು ಬಿತ್ತು. 'ಕಾರ್ಮಿಕರು ತಮ್ಮ ಅನ್ನಕ್ಕೇ ಕಲ್ಲು ಹಾಕಿಕೊಂಡರು' ಎಂದು ಇದರಿಂದ ತೀರ್ಮಾನಿಸುವುದು ಅನ್ಯಾಯ. ಕಾರ್ಖಾನೆಯಲ್ಲಿದ್ದವರು ಸುಮಾರು 7 ಸಾವಿರ, ಅವರಲ್ಲೂ ಹಲವರು ಪಕ್ಕದೂರಿನವರು; ಬಿದ್ದ ಮತ 1.34 ಲಕ್ಷ. ಊರಿನ ಸರಾಸರಿ ಆ 7 ಸಾವಿರ ಜನರ ಬಗ್ಗೆ ಏನೂ ಹೇಳದು.

ಉತ್ತರ 2: ಫಲಿತಾಂಶ 382 ಎಣಿಕೆ ಪ್ರದೇಶಗಳಲ್ಲಿ ಸಿಗುತ್ತದೆ. ಉತ್ತರ ಐರ್ಲೆಂಡ್ ಪೂರ್ತಿ ಒಂದೇ ಪ್ರದೇಶ, ಜಿಬ್ರಾಲ್ಟರ್ (ಸ್ಪೇನಿನ ಪಕ್ಕದ ಬ್ರಿಟಿಷ್ ಪ್ರದೇಶ) ಇನ್ನೊಂದು. ಎರಡನ್ನೂ ಬಿಟ್ಟು 380ನ್ನು 2011ರ ಜನಗಣತಿಗೆ ಜೋಡಿಸಿ. ಪದವೀಧರರ ಪ್ರಮಾಣದ ಜೊತೆ ವಯಸ್ಸನ್ನೂ ಹಾಕಲೇಬೇಕು. ಹಿರಿಯರಲ್ಲಿ ಪದವಿ ಕಡಿಮೆ. ವಯಸ್ಸು ಬಿಟ್ಟರೆ ಅದರ ಪರಿಣಾಮವೂ ಕೌಶಲದ ಲೆಕ್ಕಕ್ಕೆ ಸೇರುತ್ತದೆ.

ಛೇದದಲ್ಲೂ (ಶೇಕಡಾ ಲೆಕ್ಕದಲ್ಲಿ ಕೆಳಗೆ ಹಾಕುವ ಸಂಖ್ಯೆ) ಎಚ್ಚರ. 75.6% ಹೊರಬರಲು ಮತ ಹಾಕಿದ ಇಂಗ್ಲೆಂಡಿನ ಬೋಸ್ಟನ್‌ನಲ್ಲಿ ತರಕಾರಿ ಕೊಯ್ದು ಪ್ಯಾಕ್ ಮಾಡುತ್ತಿದ್ದ ಪೋಲೆಂಡ್, ಲಿಥುವೇನಿಯಾ ಪ್ರಜೆಗಳಿಗೆ ಮತವಿರಲಿಲ್ಲ. ಕಾಮನ್‌ವೆಲ್ತ್ ಪ್ರಜೆಗಳಿಗಿತ್ತು: ಭಾರತದ ಪಾಸ್‌ಪೋರ್ಟಿನ ಕನ್ನಡಿಗರೂ ಅಲ್ಲಿ ಕಾನೂನುಬದ್ಧವಾಗಿ ನೆಲೆಸಿ ನೋಂದಾಯಿಸಿಕೊಂಡಿದ್ದರೆ ಮತ ಹಾಕಬಹುದಿತ್ತು. ಜನಗಣತಿಯ 'ಒಟ್ಟು ಕಾರ್ಮಿಕರು' ಎಂಬ ಸಂಖ್ಯೆ ಮತದಾರರ ಸಂಖ್ಯೆಯಲ್ಲ.

ಉತ್ತರ 3: ನಿಮ್ಮ ಪ್ರಶ್ನೆ ವ್ಯಕ್ತಿಯ ಮತದ್ದು, ಊರಿನದಲ್ಲ; ಹಾಗಾಗಿ ಬ್ರಿಟಿಷ್ ಎಲೆಕ್ಷನ್ ಸ್ಟಡಿಯ ಪ್ಯಾನೆಲ್ (ಅದೇ ಜನರನ್ನು ಹಲವು ಸುತ್ತು ಕೇಳುವ) ಸಮೀಕ್ಷೆಗೇ ಹೋಗಿ. ಮತದಾನ ಮುಗಿದ ಕೂಡಲೇ ನಡೆದ ಸುತ್ತನ್ನೇ ಬಳಸಿ. ತಡವಾಗಿ ಕೇಳಿದರೆ ಜನ ಹಾಕಿದ ಮತವನ್ನೇ ಬೇರೆ ಹೇಳುತ್ತಾರೆ. ಕೌಶಲವನ್ನು ಉದ್ಯೋಗಗಳ ಅಂತರರಾಷ್ಟ್ರೀಯ ಪಟ್ಟಿಯಾದ ಐಎಸ್‌ಸಿಒ-08 ವರ್ಗೀಕರಣದಲ್ಲಿ ಅಳೆಯಿರಿ: ಗುಂಪು 9 ಕ್ಕೆ ಮಟ್ಟ 1 (ಅತಿ ಕಡಿಮೆ ಕೌಶಲ), ಗುಂಪು 4ರಿಂದ 8 ಕ್ಕೆ ಮಟ್ಟ 2, ಗುಂಪು 3 ಕ್ಕೆ ಮಟ್ಟ 3, ಗುಂಪು 2 ಕ್ಕೆ ಮಟ್ಟ 4. ಗುಂಪು 2ರಿಂದ 9 ಅಂತ ಸಾಲಾಗಿ ಸಂಖ್ಯೆ ಹಾಕಿದರೆ ವೆಲ್ಡರ್ (ಗುಂಪು 7) ಗುಮಾಸ್ತನಿಗಿಂತ (ಗುಂಪು 4) ಕೆಳಗಾಗುತ್ತಾನೆ; ಇಬ್ಬರದೂ ಮಟ್ಟ 2. ನಿವೃತ್ತರನ್ನು ಕೈಬಿಡಬೇಡಿ, ಕೊನೆಯ ಕೆಲಸದ ಕೋಡ್ ಕೊಡಿ.

ಆಮೇಲೆ ಕೌಶಲ, ಉದ್ಯಮದ ರಫ್ತು ಪಾಲು, ಇವೆರಡರ ಗುಣಲಬ್ಧ ಮೂರನ್ನೂ ಒಂದೇ ಸಂಖ್ಯಾಶಾಸ್ತ್ರೀಯ ಮಾದರಿಯಲ್ಲಿ (ಮಾಡೆಲ್) ಹಾಕಿ. ಕೌಶಲದ ಪರಿಣಾಮ ಉದ್ಯಮಕ್ಕೆ ತಕ್ಕಂತೆ ಬದಲಾಗುತ್ತದೆಯೇ ಎಂಬುದನ್ನು ಗುಣಲಬ್ಧ ತೋರಿಸುತ್ತದೆ.

ಉತ್ತರ 4: ಹೋಲಿಕೆಗೆ ಮಧ್ಯ ಅಮೆರಿಕದ ಕೋಸ್ಟರಿಕಾ ಸೇರಿಸಿ. ಅಮೆರಿಕದೊಂದಿಗಿನ ಮುಕ್ತ ವ್ಯಾಪಾರ ಒಪ್ಪಂದಕ್ಕೆ 2007ರ ಅಕ್ಟೋಬರ್ 7ರಂದು ಅಲ್ಲಿನ ಜನಮತಗಣನೆಯಲ್ಲಿ ಸುಮಾರು 51.6% ಒಪ್ಪಿಗೆ ಸಿಕ್ಕಿತು. ಅಮೆರಿಕದ ಎದುರು ಅಲ್ಲಿ ಕಡಿಮೆ ಕೌಶಲದ ದುಡಿಮೆಯೇ ಹೇರಳ. ಕೌಶಲದ ವಾದ ನಿಜವಾದರೆ ಬ್ರಿಟನ್ನಿಗೆ ತದ್ವಿರುದ್ಧವಾಗಿ ಕಡಿಮೆ ಕೌಶಲದವರೇ ಒಪ್ಪಂದದ ಪರ ನಿಲ್ಲಬೇಕು.