ಪದಚರ್ಚೆ: ತೋಟಾ, ಗುಂಡು, ಈಡು – ಯಾವುದಕ್ಕೆ ಯಾವ ಹೆಸರು?

ಎಲ್ಲರಿಗೂ ನಮಸ್ಕಾರ.

ಬೇಟೆ ಕೋವಿಗಳ ಬಗ್ಗೆ ಒಂದು ಲೇಖನ ಕನ್ನಡಕ್ಕೆ ಬರುತ್ತಿದೆ. ಅದನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ವಿಷಯ ಇಷ್ಟೇ: ಕಡಿಮೆ ಬೆಲೆಯ ಬೋಲ್ಟ್ ಆ್ಯಕ್ಷನ್ ರೈಫಲ್ಲಿಗೆ (ಪ್ರತಿ ಹೊಡೆತಕ್ಕೂ ಬೋಲ್ಟನ್ನು ಕೈಯಿಂದ ಹಿಂದಕ್ಕೆಳೆದು ಮುಂದೆ ತಳ್ಳಬೇಕಾದ ಕೋವಿ) ಯಾವ ಕಾರ್ಟ್ರಿಡ್ಜ್ ಆರಿಸಿದರೆ ಗುರಿ ಚೆನ್ನಾಗಿ ನಿಲ್ಲುತ್ತದೆ? ಕರಡಿನಲ್ಲಿ ಒಂದು ಸಾಲಿದೆ: ‘ಗುಂಡು ಬದಲಿಸಿದರೆ ಅಗ್ಗದ ಕೋವಿಯ ನಿಖರತೆಯೂ ಬದಲಾಗುತ್ತದೆ.’ ಓದಲು ಸಲೀಸು. ವ್ಯಾಕರಣವೂ ಸರಿ. ಆದರೆ ಇದಕ್ಕೆ ಕಡಿಮೆ ಅಂದರೂ ಮೂರು ಅರ್ಥ ಹೊರಡುತ್ತದೆ, ಮೂರರಲ್ಲೂ ನಡೆಯುವ ಸಂಗತಿ ಬೇರೆ. ಅದಕ್ಕೇ ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ಮೊದಲು ಗುಂಡನ್ನೇ ನೋಡೋಣ. ಪತ್ರಿಕೆಗಳಲ್ಲಿ ‘ಪಿಸ್ತೂಲು, ಐದು ಜೀವಂತ ಗುಂಡು ವಶ’ ಅಂತ ಬರುತ್ತದೆ. ‘ತೊಡೆಯಿಂದ ಗುಂಡು ಹೊರತೆಗೆದ ವೈದ್ಯರು’ ಅಂತಲೂ ಬರುತ್ತದೆ. ಮೊದಲನೆಯದರಲ್ಲಿ ಗುಂಡು ಅಂದರೆ ಪೂರ್ತಿ ಜೋಡಣೆ: ಹಿತ್ತಾಳೆಯ ಕೊಳವೆ, ತಳದಲ್ಲಿ ಮದ್ದಿಗೆ ಕಿಡಿ ಹಚ್ಚುವ ಕೇಪು, ಒಳಗೆ ಮದ್ದು, ಬಾಯಲ್ಲಿ ಸಿಕ್ಕಿಸಿದ ಸೀಸದ ತುದಿ. ಎರಡನೆಯದರಲ್ಲಿ ಹಾರಿಹೋದ ತುದಿ ಮಾತ್ರ. ಸುದ್ದಿಗೆ ಅಷ್ಟು ಸಾಕು, ಯಾರೂ ತಪ್ಪು ತಿಳಿಯುವುದಿಲ್ಲ. ಗುರಿಯ ಮಾತು ಬಂದಾಗ ಸಾಲದು. ಅಲ್ಲಿ ಕೊಳವೆ ಒಂದು ಕಾರಣ, ಮದ್ದು ಇನ್ನೊಂದು ಕಾರಣ, ತುದಿಯ ಉದ್ದ ಮತ್ತೊಂದು ಕಾರಣ. ಹಾಗಾಗಿ ಹಾರುವ ತುದಿಗೆ ಮಾತ್ರ ‘ಗುಂಡು’ ಅಂತ ನಿಗದಿ ಮಾಡೋಣ ಅನ್ನುವುದು ನನ್ನ ಮೊದಲ ಸಲಹೆ.

ಪೂರ್ತಿ ಜೋಡಣೆಗೆ, ಅಂದರೆ ಕಾರ್ಟ್ರಿಡ್ಜಿಗೆ, ನಮ್ಮಲ್ಲಿ ಎರಡು ಪದ ಓಡಾಡುತ್ತಿವೆ, ಕಾಡತೂಸು ಮತ್ತು ತೋಟಾ. ಕಾಡತೂಸು ಯುರೋಪಿನಿಂದ ಬಂದದ್ದು, ಹಿಂದಿಯ ಕಾರ್ತೂಸಿನ ಅಣ್ಣತಮ್ಮ. ಆದರೆ ಅದಕ್ಕೆ ಪಂಚನಾಮೆಯ ವಾಸನೆ ಹತ್ತಿಬಿಟ್ಟಿದೆ. ತೋಟಾ ಚಿಕ್ಕದು, ಬಾಯಿಗೆ ಸುಲಭ. ಒಂದೇ ಕಷ್ಟ, ಅವಸರದಲ್ಲಿ ಯಾರಾದರೂ ದೀರ್ಘ ಬಿಟ್ಟು ‘ತೋಟದ ಆಯ್ಕೆ’ ಅಂತ ಬರೆದರೆ ಓದುಗರು ಸಸಿ ನೆಡಲು ಹೊರಡುತ್ತಾರೆ. ‘ತೋಟಾದ’, ‘ತೋಟಾಗಳು’ ಅಂತ ದೀರ್ಘ ಉಳಿಸಿಕೊಂಡರೆ ಆಯಿತು. ಈ ಪತ್ರದಲ್ಲಿ ತೋಟಾ ಅಂತಲೇ ಬರೆಯುತ್ತೇನೆ.

ನಿಜವಾದ ತೊಡಕು ಇಲ್ಲಿಂದ ಮುಂದೆ ಇದೆ.

‘ತೋಟಾ ಬದಲಿಸುವುದು’ ಅಂದರೆ ಏನು? .308 ವಿಂಚೆಸ್ಟರ್ ಬಿಟ್ಟು .243 ವಿಂಚೆಸ್ಟರ್ ಆರಿಸಿದರೆ (ಅಂಕಿ ಅಂದರೆ ಸುಮಾರಾಗಿ ಗುಂಡಿನ ದಪ್ಪ, ಇಂಚಿನಲ್ಲಿ; ಪಕ್ಕದ್ದು ಕಂಪನಿಯ ಹೆಸರು) ಅದು ತೋಟಾದ ಜಾತಿಯನ್ನೇ ಬದಲಿಸಿದ ಹಾಗೆ. ಆಗ ನಳಿಗೆಯೇ ಬೇರೆ ಬೇಕು, ಅಂದರೆ ಸಾಮಾನ್ಯವಾಗಿ ಕೋವಿಯೇ ಬೇರೆ. ಅದೇ .308 ಕೋವಿಗೆ ಒಂದು ಕಂಪನಿಯ 150 ಗ್ರೇನ್ (ಗ್ರೇನ್ ತೂಕದ ಅಳತೆ) ಗುಂಡಿನ ಡಬ್ಬ ಬಿಟ್ಟು ಇನ್ನೊಂದು ಕಂಪನಿಯ 168 ಗ್ರೇನಿನ ಡಬ್ಬ ತಂದರೆ ಜಾತಿ ಅದೇ, ತುಂಬಿದ್ದು ಮಾತ್ರ ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ ಬೇರೆ ಪದ ಇದೆ, ಎರಡನೆಯದನ್ನು ಲೋಡ್ ಅನ್ನುತ್ತಾರೆ. ಆದರೂ ಮಾತಿನಲ್ಲಿ ಅವರೂ ಕಲಸಿಬಿಡುತ್ತಾರೆ. ನಮ್ಮ ಕರಡಿನಲ್ಲಂತೂ ಎರಡೂ ‘ಗುಂಡು’ ಆಗಿ ಕೂತಿವೆ.

ಈ ಎರಡನ್ನು ಬೇರೆ ಮಾಡದೆ ವಿಷಯವೇ ಹಿಡಿತಕ್ಕೆ ಬರುವುದಿಲ್ಲ. ಯಾಕೆ ಅಂದರೆ ಕಡಿಮೆ ಬೆಲೆಯ ಕೋವಿಯಲ್ಲಿ ಗುರಿ ಕಾಗದದ ಮೇಲೆ ಕಾಣುವ ವ್ಯತ್ಯಾಸದಲ್ಲಿ ದೊಡ್ಡ ಪಾಲು ಎರಡನೆಯದರದ್ದು, ಅಂದರೆ ಲೋಡಿನದು. ಇಂಥ ಕೋವಿಗಳ ನಳಿಗೆ ತೆಳು, ತೂಕ ಉಳಿಸಲು. ಹೆಗಲಿಗೆ ಒತ್ತುವ ಸ್ಟಾಕು ಅಚ್ಚಿಗೆ ಹಾಕಿದ ಪ್ಲಾಸ್ಟಿಕ್ಕು. ಮುಂಭಾಗವನ್ನು ಮರಳಿನ ಚೀಲದ ಮೇಲೆ ಸ್ವಲ್ಪ ಒತ್ತಿದರೂ ಅದು ಬಾಗಿ ನಳಿಗೆಗೆ ತಾಗುವುದುಂಟು. ಗುಂಡು ಒಳಗೆ ಸಾಗುವಾಗ ತೆಳು ನಳಿಗೆ ಜಾಸ್ತಿ ನಡುಗುತ್ತದೆ. ಗುಂಡು ಬಾಯಿಂದ ಹೊರಬೀಳುವ ಗಳಿಗೆಯಲ್ಲಿ ಬಾಯಿ ಎತ್ತ ತಿರುಗಿತ್ತು ಅನ್ನುವುದು ಮದ್ದಿನ ಮೇಲೆ, ಗುಂಡಿನ ತೂಕದ ಮೇಲೆ, ವೇಗದ ಮೇಲೆ ನಿಂತಿದೆ. ಹಾಗಾಗಿ ಒಂದು ಡಬ್ಬ ಚೆನ್ನಾಗಿ ಹೊಡೆಯುತ್ತದೆ, ಅದೇ ಜಾತಿಯ ಇನ್ನೊಂದು ಡಬ್ಬ ಹರಡಿಬಿಡುತ್ತದೆ. ದುಬಾರಿ ಕೋವಿಯಲ್ಲೂ ಇದು ಇದೆ. ಅಗ್ಗದ್ದರಲ್ಲಿ ಎದ್ದು ಕಾಣುತ್ತದೆ ಅಷ್ಟೆ.

ಸರಿ, ಲೋಡಿಗೆ ಏನನ್ನೋಣ? ‘ಭರ್ತಿ’ ಅಂದರೆ ಆಸ್ಪತ್ರೆ, ಶಾಲೆ ನೆನಪಾಗುತ್ತದೆ. ‘ಮಿಶ್ರಣ’ ಅಂದರೆ ಸಿಮೆಂಟು. ನನಗೆ ಹೊಳೆದದ್ದು ಈಡು. ‘ಈಡು ಹೊಡೆದ’ ಅಂದಾಗ ಅದು ಹೊಡೆತ. ‘ಈಡು ತುಂಬಿದ’ ಅಂದಾಗ ಒಳಗೆ ಹಾಕಿದ ಸರಕು. ಹಳೆಯ ಬಾಯಿ ಕೋವಿಗೆ ಮದ್ದು, ಚರೆ, ಗುಂಡು ಅಳೆದು ತುಂಬುತ್ತಿದ್ದದ್ದೂ ಅದೇ ತಾನೆ? ಇಂದಿನ ಲೋಡು ಅಂದರೂ ಕಾರ್ಖಾನೆ ಅಳೆದು ತುಂಬಿದ ಮದ್ದು, ಗುಂಡು, ಕೇಪು. ‘ಒಂದೇ ತೋಟಾ, ಬೇರೆ ಬೇರೆ ಈಡು’ ಅಂದರೆ ಒಪ್ಪುತ್ತದೆಯೇ? ನನ್ನ ಕಿವಿಗಂತೂ ಒಪ್ಪುತ್ತಿದೆ. ಹೊಡೆತ ಅನ್ನುವ ಅರ್ಥ ಅಡ್ಡ ಬರಬಹುದು ಅನ್ನುವ ಅನುಮಾನ ಮಾತ್ರ ಉಳಿದಿದೆ.

ಈಗ ನಿಖರತೆ. ಕಾಗದದ ಮೇಲೆ ಐದು ತೂತು ಬಿದ್ದಿವೆ ಅಂತಿಟ್ಟುಕೊಳ್ಳಿ. ಐದೂ ಒಂದು ನಾಣ್ಯದಡಿ ಮುಚ್ಚಿಹೋಗುತ್ತವೆ, ಆದರೆ ನಡುಚುಕ್ಕೆಯಿಂದ ನಾಲ್ಕು ಇಂಚು ಎಡಕ್ಕೆ, ಮೇಲಕ್ಕೆ ಇವೆ. ಇನ್ನೊಂದು ಕಾಗದದಲ್ಲಿ ಐದೂ ಚುಕ್ಕೆಯ ಸುತ್ತ ಅಂಗೈಯಗಲ ಚೆದುರಿವೆ. ಯಾವ ಕೋವಿ ನಿಖರ? ಕೋವಿಯವರು ಹಿಂದೆ ಮುಂದೆ ನೋಡದೆ ಮೊದಲನೆಯದು ಅನ್ನುತ್ತಾರೆ. ಕೋವಿಯ ಮೇಲಿನ ದುರ್ಬೀನಿನ ತಿರುಪು ಬೇಕಾದಷ್ಟು ಸಲ ಟಕ್ ಟಕ್ ಅನ್ನಿಸಿದರೆ ತೂತುಗಳ ಗುಂಪು ನಡುವಿಗೆ ಬರುತ್ತದೆ. ಎರಡನೆಯದಕ್ಕೆ ತಿರುಪಿನಲ್ಲಿ ಮದ್ದಿಲ್ಲ. ನಮ್ಮ ಸಾಮಾನ್ಯ ಓದುಗರಿಗೆ ‘ನಿಖರ’ ಅಂದರೆ ಗುರಿಗೆ ಬಿದ್ದದ್ದು, ಅಂದರೆ ಎರಡನೆಯದೇ ವಾಸಿ ಅನ್ನಿಸಬಹುದು.

ಹಾಗಾಗಿ ಗುಂಪಿಗೆ ‘ಬಿಗಿ’ ಅನ್ನುವ ಪದ ಬಳಸಿದ್ದೇನೆ: ಗುಂಪು ಬಿಗಿಯಾಗಿದೆ, ಗುಂಪು ಸಡಿಲ. ಗುರಿಗೆ ಬೀಳುವುದಕ್ಕೆ ‘ನಿಖರ’. ಈಡು ಬದಲಿಸಿದಾಗ ಎರಡೂ ಬದಲಾಗಬಹುದು. ಬಿಗಿ ಹಾಗೇ ಉಳಿದು ಗುಂಪು ಮಾತ್ರ ಪಕ್ಕಕ್ಕೆ ಸರಿಯುವುದೂ ಮಾಮೂಲಿ. ಅದಕ್ಕೇ ಹೊಸ ಡಬ್ಬ ತಂದವರು ಬೇಟೆಗೆ ಹೋಗುವ ಮುಂಚೆ ಕಾಗದಕ್ಕೆ ಹೊಡೆದು ದುರ್ಬೀನು ಸರಿಮಾಡಿಕೊಳ್ಳುತ್ತಾರೆ. ಕರಡಿನಲ್ಲಿ ಇದನ್ನೂ ‘ನಿಖರತೆ ಕೆಟ್ಟಿತು’ ಅಂತ ಬರೆದಿದ್ದಾರೆ. ಕೆಟ್ಟಿಲ್ಲ, ಸರಿದಿದೆ.

ಬಿಗಿ ಅಳೆಯುವುದರಲ್ಲಿ ಒಂದು ಮೋಸವೂ ಇದೆ. ಮೂರು ಗುಂಡು ಹೊಡೆದು ‘ನನ್ನ ಕೋವಿ ಒಂದು ಇಂಚಿನದು’ (ಅಂದರೆ ಗುಂಪಿನ ಅಗಲ ಒಂದು ಇಂಚು) ಅನ್ನುವವರು ಜಾಸ್ತಿ. ಅದೇ ಕೋವಿ, ಅದೇ ಈಡಿನಲ್ಲಿ ಹತ್ತು ಗುಂಡಿನ ಗುಂಪು ಸರಾಸರಿ ಒಂದೂವರೆ ಇಂಚು ದಾಟುತ್ತದೆ. ಇದು ಬರೀ ಲೆಕ್ಕ, ಕೋವಿಯ ತಪ್ಪಲ್ಲ. ಎಷ್ಟು ಜಾಸ್ತಿ ಹೊಡೆಯುತ್ತೇವೋ ಅಷ್ಟು ದೂರದ ತೂತು ಬೀಳುವ ಸಾಧ್ಯತೆ ಜಾಸ್ತಿ. ಮೂರೇ ಗುಂಡು ಹೊಡೆದು ಎರಡು ಈಡುಗಳನ್ನು ಹೋಲಿಸಿದರೆ ಅದು ನಾಣ್ಯ ಚಿಮ್ಮಿದ ಹಾಗೆ. ಕರಡಿನಲ್ಲಿ ‘ಪರೀಕ್ಷೆಯಲ್ಲಿ ಸಾಬೀತಾಗಿದೆ’ ಅಂತ ಇದ್ದ ಕಡೆಯೆಲ್ಲ ಎಷ್ಟು ಗುಂಡಿನ ಗುಂಪು ಅಂತ ಕೇಳಿ ಬರೆದಿದ್ದೇನೆ.

ಇನ್ನು ತೋಟಾದ ಜಾತಿಗೂ ಬಿಗಿಗೂ ನಂಟೇ ಇಲ್ಲವೇ? ಇದೆ. ಆದರೆ ಅದು ಬರುವ ದಾರಿ ಬೇರೆ. ಇದಕ್ಕೆ .244 ರೆಮಿಂಗ್ಟನ್ ಕತೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1955ರಲ್ಲಿ ಎರಡು ತೋಟಾ ಒಟ್ಟಿಗೇ ಬಂದವು, .243 ವಿಂಚೆಸ್ಟರ್ ಮತ್ತು .244 ರೆಮಿಂಗ್ಟನ್. ಹೆಸರಿನಲ್ಲಿ ಒಂದಂಕಿ ವ್ಯತ್ಯಾಸ, ಗುಂಡಿನ ದಪ್ಪ ಎರಡಕ್ಕೂ ಒಂದೇ. ಗುಂಡನ್ನು ತಿರುಗಿಸಿ ನೆಟ್ಟಗೆ ಹಾರಿಸುವ ಸುರುಳಿ ಗೆರೆ ವಿಂಚೆಸ್ಟರ್ ನಳಿಗೆಯೊಳಗೆ 10 ಇಂಚಿಗೆ ಒಂದು ಸುತ್ತು. ರೆಮಿಂಗ್ಟನ್‌ನದು 12 ಇಂಚಿಗೆ ಒಂದು, ಸಣ್ಣ ಪ್ರಾಣಿಗಳಿಗೆ ಬಳಸುವ ಹಗುರ ಗುಂಡಿಗೆ ಅಂತ. ಜನ ಜಿಂಕೆಗೂ ಆಗುವ 100 ಗ್ರೇನ್ ಗುಂಡು ಕೇಳಿದರು. .243 ಅದನ್ನು ನೆಟ್ಟಗೆ ಒಯ್ಯಿತು, .244ರ ನಿಧಾನ ಸುತ್ತಿಗೆ ಅದರ ಮೇಲೆ ಹಿಡಿತ ಸಾಲಲಿಲ್ಲ. ವ್ಯಾಪಾರ ಬಿತ್ತು. 1963ರಲ್ಲಿ ಕಂಪನಿ ಅದೇ ತೋಟಾವನ್ನು 6 ಎಂಎಂ ರೆಮಿಂಗ್ಟನ್ ಅಂತ ಹೆಸರು ಬದಲಿಸಿ, 9 ಇಂಚಿಗೆ ಒಂದು ಸುತ್ತಿನ ನಳಿಗೆಯೊಂದಿಗೆ ಮಾರಿತು. ಕೊಳವೆ ಒಂದಿಷ್ಟೂ ಬದಲಾಗಿರಲಿಲ್ಲ.

‘ಈ ತೋಟಾ ನಿಖರ, ಆ ತೋಟಾ ನಿಖರವಲ್ಲ’ ಅನ್ನುವ ಸಾಲು ಬಂದಾಗಲೆಲ್ಲ ಈ ಕತೆ ನೆನಪಿಗೆ ಬರಬೇಕು. 2007ರಲ್ಲಿ ಬಂದ 6.5 ಕ್ರೀಡ್‌ಮೋರ್‌ಗೆ ಈಗ ಭಾರಿ ಹೆಸರು. ಅಗ್ಗದ ಕೋವಿಯಲ್ಲೂ ಅದು ಬಿಗಿಯಾಗಿ ಹೊಡೆಯುತ್ತದೆ ಅನ್ನುತ್ತಾರೆ, ಸುಳ್ಳಲ್ಲ. ಕಾರಣ ತೋಟಾದೊಳಗೆ ಕೂತ ಯಾವ ಮಂತ್ರವೂ ಅಲ್ಲ. ಕೊಳವೆ ಗಿಡ್ಡ, ಹಾಗಾಗಿ ಉದ್ದ ಗುಂಡು ಹಾಕಿದರೂ ಗಿಡ್ಡ ಬೋಲ್ಟಿನ ಕೋವಿಯ ಮ್ಯಾಗಜೀನಿನಲ್ಲಿ (ತೋಟಾ ತುಂಬಿಡುವ ಗೂಡಿನಲ್ಲಿ) ಹಿಡಿಸುತ್ತದೆ. ನಳಿಗೆಗಳು ಮೊದಲಿನಿಂದಲೂ 8 ಇಂಚಿಗೆ ಒಂದು ಸುತ್ತಿನಂತೆ ಬಂದವು. ಗುರಿ ಸ್ಪರ್ಧೆಗೆಂದೇ ಹುಟ್ಟಿದ್ದರಿಂದ ಅಂಗಡಿಯಲ್ಲಿ ಸಿಗುವ ಈಡುಗಳೂ ಒಳ್ಳೆಯವು. ಕೋವಿ ಅಗ್ಗದ್ದಾದರೂ ಈ ಮೂರು ಅದರ ಜೊತೆಗೇ ಬರುತ್ತವೆ.

.223 ತೋಟಾದಲ್ಲಿ ಇದರ ಉಲ್ಟಾ ನಡೆಯುತ್ತದೆ. ಒಂದೇ ಹೆಸರಿನ ಕೋವಿಗಳಲ್ಲಿ 12, 9, 8, 7 ಇಂಚಿನ ಸುತ್ತುಗಳೆಲ್ಲ ಇವೆ. 55 ಗ್ರೇನ್ ಗುಂಡು 12 ಇಂಚಿನ ಸುತ್ತಿಗೂ ಸಾಕು. 77 ಗ್ರೇನಿನದನ್ನು ಅದೇ ನಳಿಗೆಗೆ ಹಾಕಿದರೆ ಗುಂಡು ಗಾಳಿಯಲ್ಲಿ ಅಡ್ಡಡ್ಡ ಹೊರಳಿ ಕಾಗದದಲ್ಲಿ ದುಂಡು ತೂತಿನ ಬದಲು ಉದ್ದ ಸೀಳು ಬೀಳುತ್ತದೆ. ಕರಡಿನವರು ಇಲ್ಲಿ ‘ಭಾರದ ಗುಂಡಿಗೆ ವೇಗದ ಸುತ್ತು ಬೇಕು’ ಅಂತ ಬರೆದಿದ್ದಾರೆ. ‘ಉದ್ದದ ಗುಂಡಿಗೆ’ ಅಂತ ತಿದ್ದಿದ್ದೇನೆ. ತಾಮ್ರ ಸೀಸಕ್ಕಿಂತ ಹಗುರ, ಆದ್ದರಿಂದ ಪೂರ್ತಿ ತಾಮ್ರದ ಗುಂಡು ಅಷ್ಟೇ ತೂಕದ ಸೀಸದ ಗುಂಡಿಗಿಂತ ಉದ್ದ ಇರುತ್ತದೆ, ಅಷ್ಟೇ ತೂಕಕ್ಕೆ ಜಾಸ್ತಿ ಸುತ್ತು ಕೇಳುತ್ತದೆ. ತೂಕ ಬರೀ ಅಂದಾಜಿನ ಗುರುತು.

ಜಾತಿಯ ಇನ್ನೊಂದು ಪ್ರಭಾವ ಹೆಗಲಿನ ಮೇಲೆ. ಇದಕ್ಕೆ ನಮ್ಮಲ್ಲಿ ಚೆಂದದ ಪದವಿದೆ, ಕೋವಿ ‘ಒದೆಯುತ್ತದೆ’. ಕರಡಿನ ‘ಪ್ರತಿಕ್ಷೇಪ’ವನ್ನು ಎತ್ತಿ ಬಿಸಾಡಿ ‘ಒದೆತ’ ಹಾಕಿದ್ದೇನೆ, ಯಾರೂ ತಕರಾರು ತೆಗೆಯಲಾರರು ಅಂದುಕೊಂಡಿದ್ದೇನೆ. ಕಡಿಮೆ ಬೆಲೆಯ ಕೋವಿ ಹಗುರ. ಹಗುರ ಕೋವಿಗೆ .300 ವಿಂಚೆಸ್ಟರ್ ಮ್ಯಾಗ್ನಮ್ ಹಾಕಿದರೆ ಒದೆತ .243ರ ಎರಡು ಪಟ್ಟಿಗೂ ಜಾಸ್ತಿ. ನಾಲ್ಕು ಸಲ ಒದೆಸಿಕೊಂಡವನು ಐದನೆಯ ಸಲ ಟ್ರಿಗರ್ ಎಳೆಯುವ ಮುಂಚೆಯೇ ಕಣ್ಣು ಮುಚ್ಚಿ ಹೆಗಲು ಕುಗ್ಗಿಸುತ್ತಾನೆ. ಗುಂಪು ಸಡಿಲವಾಯಿತು ಅಂತ ಬೈಗುಳ ಮಾತ್ರ ಕೋವಿಗೆ. ಈ ಕುಗ್ಗುವಿಕೆಗೆ ‘ಬೆಚ್ಚು’ ಸಾಕು ಅಲ್ವಾ? ಲೇಖನದಲ್ಲಿ ಈ ಭಾಗ ಎರಡೇ ಸಾಲಿನಲ್ಲಿ ಮುಗಿದಿದೆ. ನನ್ನ ಲೆಕ್ಕದಲ್ಲಿ ಹೊಸಬರಿಗೆ ತೋಟಾ ಆರಿಸುವಾಗ ಇದಕ್ಕಿಂತ ದೊಡ್ಡ ಕಾರಣ ಇಲ್ಲ. .223, .308 ಎರಡೂ ಸೈನ್ಯದಲ್ಲೂ ಓಡುವ ಅಳತೆಗೆ ಹತ್ತಿರದವು, ಹಾಗಾಗಿ ಬಗೆಬಗೆಯ ಈಡು ಸುಲಭವಾಗಿ ಸಿಗುತ್ತದೆ. ಹೊಡೆದು ನೋಡಲು ಆಯ್ಕೆ ಜಾಸ್ತಿ ಇದ್ದರೆ ಕೋವಿಗೆ ಒಗ್ಗುವ ಒಂದು ಡಬ್ಬ ಸಿಕ್ಕೇ ಸಿಗುತ್ತದೆ.

‘ಅಗ್ಗದ’ ಅನ್ನುವುದರ ಬಗ್ಗೆಯೂ ಒಂದು ಮಾತು. ಕನ್ನಡದಲ್ಲಿ ಅಗ್ಗ ಅಂದ ಕೂಡಲೇ ಕಳಪೆ ಅನ್ನುವ ನೆರಳು ಬೀಳುತ್ತದೆ. 1958ರ ಸ್ಯಾವೇಜ್ 110 ಅನ್ನುವ ಕಡಿಮೆ ಬೆಲೆಯ ಕೋವಿಯಲ್ಲಿ ನಳಿಗೆಯನ್ನು ಒಂದು ದೊಡ್ಡ ನಟ್ಟಿನಿಂದ ಬಿಗಿಯುವ ಉಪಾಯ ಇತ್ತು. ತೋಟಾ ಕೂರುವ ಅಳತೆಯನ್ನು ನಟ್ಟು ತಿರುಗಿಸಿಯೇ ಸರಿಯಾಗಿ ಹೊಂದಿಸಬಹುದು, ನುರಿತ ಕೈಯ ಗಂಟೆಗಟ್ಟಲೆ ಕೆಲಸ ಉಳಿಯುತ್ತದೆ. ಖರ್ಚು ಇಳಿಯಿತು, ಗುರಿ ಕೆಡಲಿಲ್ಲ. ಆಮೇಲೆ ಬಂದ ಹಲವು ಕಡಿಮೆ ಬೆಲೆಯ ಕೋವಿಗಳು ಇದೇ ದಾರಿ ಹಿಡಿದವು. ಆದ್ದರಿಂದ ಎಲ್ಲ ಕಡೆ ‘ಕಡಿಮೆ ಬೆಲೆಯ’ ಅಂತ ಮಾಡಿದ್ದೇನೆ, ಉದ್ದವಾದರೂ ಪರವಾಗಿಲ್ಲ.

ಸಣ್ಣಪುಟ್ಟವು: ಗ್ರೇನ್ ಅನ್ನು ‘ಧಾನ್ಯ’ ಮಾಡಿದ್ದರು, ‘150 ಧಾನ್ಯದ ಗುಂಡು’ ಅಂತೆ! ಅದು ತೂಕ, 150 ಗ್ರೇನ್ ಅಂದರೆ 9.7 ಗ್ರಾಂ. ಡಬ್ಬದ ಮೇಲೆ ಬರೆದದ್ದು ಗುಂಡಿನ ತೂಕ, ಮದ್ದಿನದಲ್ಲ. ಗುಂಪಿನ ಅಗಲ ಹೇಳಲು ಬಳಸುವ ಕೋನದ ಮಿನಿಟ್ಟಿಗೆ (ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲು) ಬರೀ ‘ನಿಮಿಷ’ ಅಂದರೆ ಗಡಿಯಾರ ನೆನಪಾಗುತ್ತದೆ. ಜ್ಯೋತಿಷ್ಯದವರ ‘ಕಲೆ’ ಸರಿಯಾದ ಪದವೇ, ಆದರೆ ಕಾಗದದ ಮೇಲೆ ಒಂದು ಕಲೆ ಅಂದರೆ ಓದುಗರು ಒರೆಸಲು ಬರುತ್ತಾರೆ. ಸದ್ಯಕ್ಕೆ ‘ಕೋನದ ನಿಮಿಷ’ ಅಂತ ಬರೆದು, 100 ಮೀಟರಿಗೆ ಸುಮಾರು 2.9 ಸೆಂ.ಮೀ. ಅಂತ ಪಕ್ಕದಲ್ಲೇ ಹೇಳಿದ್ದೇನೆ.

ಕರಡಿನ ಆ ಸಾಲು ಈಗ ಹೀಗಾಗಿದೆ: ‘ಕಡಿಮೆ ಬೆಲೆಯ ಕೋವಿಯಲ್ಲಿ ಈಡು ಬದಲಿಸಿದರೆ ಗುಂಪಿನ ಬಿಗಿ ಬದಲಾಗುತ್ತದೆ. ತೋಟಾದ ಜಾತಿ ಬದಲಿಸಿದರೆ ಸುತ್ತು, ಒದೆತ, ಸಿಗುವ ಈಡುಗಳು ಎಲ್ಲವೂ ಬದಲಾಗುತ್ತವೆ.’

ನಿಮ್ಮಿಂದ ಬೇಕಾದದ್ದು ಎರಡು. ಈಡು ಅನ್ನುವುದನ್ನು ‘ತುಂಬಿದ ಸರಕು’ ಅನ್ನುವ ಅರ್ಥದಲ್ಲಿ ನಿಮ್ಮ ಕಡೆ ಆಡುತ್ತಾರೆಯೇ, ಅಥವಾ ಹೊಡೆತಕ್ಕೆ ಮಾತ್ರವೇ? ಬೋಲ್ಟಿಗೆ ‘ಚಿಲಕ’ ಅಂತ ಯಾರಾದರೂ ಬಳಸಿದ್ದು ಕೇಳಿದ್ದೀರಾ? ಎತ್ತಿ, ಹಿಂದಕ್ಕೆಳೆದು, ಮುಂದೆ ತಳ್ಳಿ, ಕೆಳಗೆ ಒತ್ತುವುದು – ಕೆಲಸವೇನೋ ಚಿಲಕದ್ದೇ. ಆದರೂ ‘ಚಿಲಕದ ಕೋವಿ’ ಅಂತ ಬರೆಯಲು ಕೈ ಇನ್ನೂ ಏಳುತ್ತಿಲ್ಲ.