ಸಾಲುಗಳ ಎಣಿಕೆ ಸರಿ, ದಿನವಹಿ ಆವಕ ತಪ್ಪು: ಹಳೆಯ ಮತ್ತು ಹೊಸ ಡೇಟಾಬೇಸನ್ನು ತಾಳೆ ನೋಡುವುದು ಹೇಗೆ?

ಪ್ರಶ್ನೆ: ಘಟ್ಟದಮೇಲಿನವ (ಶಿರಸಿ)

ಎಲ್ಲರಿಗೂ ನಮಸ್ಕಾರ. ಶಿರಸಿ ತಾಲೂಕಿನ ಅಡಿಕೆ ಬೆಳೆಗಾರರ ಸಹಕಾರಿ ಸಂಘವೊಂದರ ಗಣಕ ವ್ಯವಸ್ಥೆಯನ್ನು ನೋಡಿಕೊಳ್ಳುವವರಲ್ಲಿ ನಾನೊಬ್ಬ. ಸದಸ್ಯರ ಖಾತೆ, ಅಡಿಕೆ ಮತ್ತು ಕಾಳುಮೆಣಸಿನ ಆವಕ, ಟೆಂಡರ್ ದರ, ಮಾರಾಟದ ಪಟ್ಟಿ (ಬಿಲ್ಲು), ಸಾಲದ ಕಂತು ಎಲ್ಲವೂ ಮೈಎಸ್‌ಕ್ಯೂಎಲ್ 5.7ರಲ್ಲಿವೆ. ಆ ಆವೃತ್ತಿಯ ಬೆಂಬಲ 2023ರ ಅಕ್ಟೋಬರಿನಲ್ಲೇ ಮುಗಿದಿದ್ದರಿಂದ ಪೋಸ್ಟ್‌ಗ್ರೆಸ್ 16ಕ್ಕೆ ಹೋಗುವುದೆಂದು ತೀರ್ಮಾನವಾಗಿ, ಪಿಜಿಲೋಡರ್ ಎಂಬ ಸಾಗಣೆ ಸಾಧನದ ಮೂಲಕ ಡೇಟಾವನ್ನು ಸಾಗಿಸಿದ್ದೇವೆ. ಕೌಂಟರಿನಲ್ಲಿ ಈಗಲೂ ಹಳೆಯದೇ ನಡೆಯುತ್ತಿದೆ; ಹೊಸದು ಪರೀಕ್ಷೆಯ ಹಂತದಲ್ಲಿದೆ.

ಪ್ರತಿಯೊಂದು ಟೇಬಲ್ಲಿನ ಸಾಲುಗಳನ್ನು ಎರಡೂ ಕಡೆ ಎಣಿಸಿದೆವು. ಎಲ್ಲವೂ ಸರಿಯಾಗಿ ಬಂದವು. ವರ್ಷದ ಒಟ್ಟು ತೂಕವೂ ಸರಿಯಿದೆ. ಆದರೆ ದಿನವಹಿ ಆವಕದ ವರದಿ ತೆಗೆದಾಗ ಕೆಲವು ದಿನಗಳು ಹೊಂದುತ್ತಿಲ್ಲ. ಒಂದು ದಿನ ಹೊಸದರಲ್ಲಿ ಕಡಿಮೆ ಕಾಣಿಸುತ್ತದೆ, ಮರುದಿನ ಹೆಚ್ಚು ಕಾಣಿಸುತ್ತದೆ. ಮಳೆಗಾಲದ ತಿಂಗಳುಗಳಲ್ಲಿ ಈ ವ್ಯತ್ಯಾಸ ಇಲ್ಲವೇ ಇಲ್ಲ. ಆವಕ ಜೋರಾಗಿದ್ದು ಸಂಜೆ ಏಳೆಂಟು ಗಂಟೆಯವರೆಗೂ ತೂಕ ನಡೆಯುವ ದಿನಗಳಲ್ಲಿ ಮಾತ್ರ ಬರುತ್ತದೆ.

ಎರಡನೆಯದಾಗಿ, ಊರುವಾರು ಸದಸ್ಯರ ಪಟ್ಟಿಯಲ್ಲಿ ಹುಲೇಕಲ್ ಹಳೆಯದರಲ್ಲಿ ಒಂದೇ ಸಾಲಾಗಿ ಬರುತ್ತಿದ್ದರೆ ಹೊಸದರಲ್ಲಿ ಎರಡು ಸಾಲಾಗಿ ಬರುತ್ತಿದೆ. ಪರದೆಯ ಮೇಲೆ ಎರಡಕ್ಕೂ ಅಕ್ಷರದಲ್ಲಿ ಯಾವ ಭೇದವೂ ಕಾಣುವುದಿಲ್ಲ. ಮೂರನೆಯದಾಗಿ, ಪ್ರತಿ ಸಾಲಿನ ಕಾಲಂಗಳನ್ನೆಲ್ಲ ಜೋಡಿಸಿ ಎಂಡಿ5 (ಪಠ್ಯದಿಂದ ಲೆಕ್ಕ ಹಾಕಿ ತೆಗೆಯುವ ಗುರುತುಸಂಖ್ಯೆ, ಅಂದರೆ ಹ್ಯಾಶ್) ತೆಗೆದು ಹೋಲಿಸಿದರೆ ಬಹುಪಾಲು ಸಾಲುಗಳು ಬೇರೆ ಬೇರೆ ಎಂದು ತೋರಿಸುತ್ತವೆ. ಕಣ್ಣಿನಿಂದ ನೋಡಿದರೆ ಅವೇ ಸಾಲುಗಳು ಸರಿಯಾಗಿಯೇ ಇವೆ. ಹೊಸದನ್ನು ಒಪ್ಪಿಕೊಳ್ಳುವ ಮೊದಲು ಆಡಳಿತ ಮಂಡಳಿಯ ಮುಂದೆ ಇಡಬಹುದಾದ ಪುರಾವೆ ಬೇಕಾಗಿದೆ. ಮುಂದೆ ಹೊಸ ಡೇಟಾಬೇಸಿನ ಒಂದು ಪ್ರತಿಯನ್ನು ಘಟ್ಟದ ಕೆಳಗಿನ ಶಾಖೆಯಲ್ಲೂ ಇಡುವ ಯೋಜನೆ ಇರುವುದರಿಂದ, ಆ ಪ್ರತಿಯನ್ನು ನಿತ್ಯ ತಾಳೆ ನೋಡುವ ಬಗೆಯನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಕಾಳಿದಂಡೆ (ಕಾರವಾರ)

ಒಂದು ದಿನ ಕಡಿಮೆಯಾದದ್ದು ಮರುದಿನ ಹೆಚ್ಚಾಗುತ್ತಿದ್ದರೆ ತೂಕ ಕಳೆದುಹೋಗಿಲ್ಲ, ಸಮಯ ಸರಿದಿದೆ. ಮೈಎಸ್‌ಕ್ಯೂಎಲ್‌ನ ಡೇಟ್‌ಟೈಮ್ ಕಾಲಂಗೆ ಕಾಲವಲಯದ ಅರಿವಿಲ್ಲ. ಗಡಿಯಾರದಲ್ಲಿ ಕಂಡದ್ದನ್ನು ಹಾಗೆಯೇ ಇಟ್ಟುಕೊಳ್ಳುತ್ತದೆ. ಪಿಜಿಲೋಡರ್ ತನ್ನ ಪೂರ್ವನಿಗದಿತ ನಿಯಮದಂತೆ ಅದನ್ನು ಪೋಸ್ಟ್‌ಗ್ರೆಸ್‌ನ ಕಾಲವಲಯಸಹಿತ ಟೈಮ್‌ಸ್ಟ್ಯಾಂಪ್ ಆಗಿ ಪರಿವರ್ತಿಸುತ್ತದೆ. ಸಾಗಿಸುವ ಹೊತ್ತಿನಲ್ಲಿ ಸರ್ವರಿನ ಕಾಲವಲಯ ಯುಟಿಸಿ (ಭಾರತೀಯ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಎಂದಿದ್ದರೆ, ಸಂಜೆ 7ಕ್ಕೆ ತೂಗಿದ ಲಾಟ್ ಯುಟಿಸಿಯ ಸಂಜೆ 7 ಎಂದು ದಾಖಲಾಗುತ್ತದೆ, ಮತ್ತು ಭಾರತೀಯ ಸಮಯದಲ್ಲಿ ವರದಿ ತೆಗೆದಾಗ ಐದೂವರೆ ಗಂಟೆ ಕೂಡಿ ಮಧ್ಯರಾತ್ರಿ ಕಳೆದು ಮರುದಿನದ 12.30 ಆಗುತ್ತದೆ. ಸಂಜೆ 6.30ರ ಒಳಗೆ ಮುಗಿದ ಕೆಲಸಕ್ಕೆ ಗಂಟೆ ತಪ್ಪಿದರೂ ದಿನಾಂಕ ತಪ್ಪುವುದಿಲ್ಲವಾದ್ದರಿಂದ ಮಳೆಗಾಲದ ದಿನಗಳು ನಿಮಗೆ ಸರಿಯಾಗಿ ಕಂಡಿವೆ. ಅಂದರೆ ಆ ದಿನಗಳ ಸಾಲುಗಳೂ ತಪ್ಪೇ, ವರದಿಯಲ್ಲಿ ಕಾಣಿಸುತ್ತಿಲ್ಲ ಅಷ್ಟೆ.

ಇದನ್ನು ಖಚಿತಪಡಿಸಿಕೊಳ್ಳುವುದು ಸುಲಭ. ವ್ಯತ್ಯಾಸ ಬಂದ ಯಾವುದಾದರೂ ದಿನವನ್ನು ತೆಗೆದುಕೊಂಡು, ಹಳೆಯ ಡೇಟಾಬೇಸಿನಲ್ಲಿ ಆ ದಿನ 6.30ರ ನಂತರ ದಾಖಲಾದ ತೂಕಗಳ ಮೊತ್ತ ತೆಗೆಯಿರಿ. ಹಿಂದಿನ ಸಂಜೆಯಿಂದ ಯಾವ ತೂಕವೂ ಆ ದಿನಕ್ಕೆ ಬಂದು ಸೇರಿಲ್ಲದಿದ್ದರೆ, ಕಡಿಮೆಯಾದ ಮೊತ್ತ ಅದಕ್ಕೆ ಸಮನಾಗಿರಬೇಕು. ಸಮನಾಗಿದ್ದರೆ, ಆ ಕಾಲಂಗಳನ್ನು ಯುಟಿಸಿ ಎಂದು ಓದಿ ಕಾಲವಲಯವಿಲ್ಲದ ಟೈಮ್‌ಸ್ಟ್ಯಾಂಪ್ ಆಗಿ ಬದಲಿಸಬಹುದು, ಅಥವಾ ಪರಿವರ್ತನೆಯ ನಿಯಮ ತಿದ್ದಿ ಮತ್ತೊಮ್ಮೆ ಸಾಗಿಸಬಹುದು. ಕೌಂಟರ್ ಇನ್ನೂ ಹಳೆಯದರಲ್ಲೇ ಇರುವುದರಿಂದ ಎರಡನೆಯದೇ ಲೇಸು. ಹೊಸದರಲ್ಲಿ ಬರೆಯಲು ತೊಡಗಿದ ಮೇಲೆ ಇದು ಗೊತ್ತಾಗಿದ್ದರೆ, ಒಂದೇ ಕಾಲಂನಲ್ಲಿ ಸರಿದ ಸಮಯವೂ ಸರಿಯಾದ ಸಮಯವೂ ಬೆರೆತು ಬಿಡಿಸುವುದು ಬಹಳ ಕಷ್ಟವಾಗುತ್ತಿತ್ತು. ಮಾರ್ಚ್ 31ರ ಸಂಜೆಯ ವ್ಯವಹಾರಗಳನ್ನು ಪ್ರತ್ಯೇಕವಾಗಿ ನೋಡಿ. ಅವು ಏಪ್ರಿಲ್ 1ಕ್ಕೆ ಸರಿದು ಲೆಕ್ಕದ ವರ್ಷವನ್ನೇ ಬದಲಿಸಿರುತ್ತವೆ.

ಇನ್ನು ಎಂಡಿ5 ವಿಚಾರ. ಚೀಲಗಳನ್ನು ಎಣಿಸಿದ ಮಾತ್ರಕ್ಕೆ ಒಳಗಿರುವುದು ರಾಶಿ ಅಡಿಕೆಯೋ ಕೆಂಪುಗೋಟು ಅಡಿಕೆಯೋ ಗೊತ್ತಾಗುವುದಿಲ್ಲವಾದ್ದರಿಂದ, ಎಣಿಕೆಗೆ ನಿಲ್ಲದೆ ನೀವು ಮುಂದಕ್ಕೆ ಹೋದದ್ದು ಸರಿಯಾದ ಹೆಜ್ಜೆಯೇ. ಆದರೆ ಎರಡು ಡೇಟಾಬೇಸುಗಳು ಒಂದೇ ಮೌಲ್ಯವನ್ನು ಬೇರೆ ಬೇರೆ ಪಠ್ಯವಾಗಿ ಬರೆಯುತ್ತವೆ, ಹ್ಯಾಶ್ ಲೆಕ್ಕ ಹಾಕುವುದು ಆ ಪಠ್ಯದ ಮೇಲೆ. ಟೈನಿಇಂಟ್ (ಸಣ್ಣ ಪೂರ್ಣಾಂಕ) ಆಗಿದ್ದ 1 ಪೋಸ್ಟ್‌ಗ್ರೆಸ್‌ನಲ್ಲಿ ಬೂಲಿಯನ್ (ಹೌದು-ಅಲ್ಲ ಬಗೆ) ಆಗಿ ‘ಟ್ರೂ’ ಎಂದು ಬರುತ್ತದೆ. ಸೊನ್ನೆ ತುಂಬಿದ ಹಳೆಯ ದಿನಾಂಕಗಳನ್ನು ಪೋಸ್ಟ್‌ಗ್ರೆಸ್ ಒಪ್ಪದ ಕಾರಣ ಪಿಜಿಲೋಡರ್ ಅವನ್ನು ನಲ್ (ಮೌಲ್ಯವಿಲ್ಲ ಎಂಬ ಗುರುತು) ಮಾಡಿರುತ್ತದೆ. ಕಾಲವಲಯಸಹಿತ ಸಮಯದ ಕೊನೆಗೆ +05:30 ಅಂಟಿಕೊಂಡಿರುತ್ತದೆ. ಆದ್ದರಿಂದ ಪ್ರತಿ ಕಾಲಂಗೂ ಒಂದು ಒಪ್ಪಿತ ರೂಪವನ್ನು ಮೊದಲು ಬರೆದಿಟ್ಟುಕೊಂಡು, ಎರಡೂ ಕಡೆ ಆ ರೂಪಕ್ಕೆ ತಂದ ನಂತರವೇ ಹ್ಯಾಶ್ ತೆಗೆಯಬೇಕು. ಈ ಬರಹವೇ ನೀವು ಆಡಳಿತ ಮಂಡಳಿಗೆ ಕೊಡಬೇಕಾದ ಮುಖ್ಯ ಕಾಗದ ಎಂದು ನನ್ನ ಅಭಿಪ್ರಾಯ. ‘ಒಂದೇ’ ಎಂದು ಯಾವುದನ್ನು ಕರೆಯುತ್ತೇವೆ ಎಂಬುದು ಅದರಲ್ಲಿ ಮಾತ್ರ ಇರುತ್ತದೆ. ಹ್ಯಾಶ್ ಹೊಂದಿತೋ ಇಲ್ಲವೋ ಎಂಬುದು ಅದರ ನಂತರದ ಮಾತು.

ಜೋಡಿಸುವಾಗ ನಲ್ ಬಗ್ಗೆ ಎಚ್ಚರ ಬೇಕು. ಮೈಎಸ್‌ಕ್ಯೂಎಲ್‌ನ ಕಾನ್‌ಕ್ಯಾಟ್‌ಗೆ ಒಂದು ನಲ್ ಸಿಕ್ಕರೂ ಇಡೀ ಫಲಿತ ನಲ್ ಆಗುತ್ತದೆ. ಪೋಸ್ಟ್‌ಗ್ರೆಸ್‌ನ ಅದೇ ಹೆಸರಿನ ಫಂಕ್ಷನ್ ನಲ್ಲನ್ನು ಬಿಟ್ಟು ಮುಂದೆ ಹೋಗುತ್ತದೆ. ನಡುವೆ ಗುರುತು ಹಾಕಿ ಜೋಡಿಸುವ ಫಂಕ್ಷನ್ ಎರಡೂ ಕಡೆ ನಲ್ಲನ್ನು ಹಾರಿಸುವುದರಿಂದ, ದೂರವಾಣಿ ಇದ್ದು ನಾಮಿನಿ ಇಲ್ಲದ ಸಾಲೂ, ಅದೇ ಮೌಲ್ಯ ನಾಮಿನಿಯ ಕಾಲಂಗೆ ಜಾರಿದ ಸಾಲೂ ಒಂದೇ ಹ್ಯಾಶ್ ಕೊಡಬಲ್ಲವು. ಹಾಗಾಗಿ ಪ್ರತಿ ನಲ್ಲಿನ ಜಾಗದಲ್ಲಿ ಡೇಟಾದಲ್ಲಿ ಎಲ್ಲಿಯೂ ಬರಲಾರದ ಒಂದು ಗುರುತನ್ನು ಇಡಿ. ತೂಕದ ಕಾಲಂ ಫ್ಲೋಟ್ (ದಶಮಾಂಶವನ್ನು ಅಂದಾಜಾಗಿ ಇಡುವ ಬಗೆ) ಆಗಿದ್ದರೆ ಇನ್ನೊಂದು ತೊಡಕಿದೆ: ಮೈಎಸ್‌ಕ್ಯೂಎಲ್ ಅದನ್ನು ಪಠ್ಯವಾಗಿ ಕೊಡುವಾಗ ಸುಮಾರು ಆರು ಸಾರ್ಥಕ ಅಂಕಿಗಳಿಗೆ ಇಳಿಸುವುದರಿಂದ ದೊಡ್ಡ ತೂಕಗಳ ಕೊನೆಯ ಅಂಕಿಗಳು ಸಾಗಣೆಯಲ್ಲೇ ಉದುರಿರಬಹುದು. ಅಂಥ ಕಾಲಂಗಳನ್ನು ಹ್ಯಾಶ್‌ಗೆ ಸೇರಿಸದೆ, ವ್ಯತ್ಯಾಸದ ಮಿತಿಯನ್ನು ಮೊದಲೇ ಗೊತ್ತುಮಾಡಿಕೊಂಡು ನೇರವಾಗಿ ಹೋಲಿಸುವುದು ಒಳ್ಳೆಯದು.

ದೊಡ್ಡ ಟೇಬಲ್ಲುಗಳನ್ನು ಪ್ರೈಮರಿ ಕೀ (ಪ್ರತಿ ಸಾಲನ್ನು ಗುರುತಿಸುವ ಕಾಲಂ) ಪ್ರಕಾರ ಹತ್ತು ಸಾವಿರ ಸಾಲುಗಳ ತುಂಡುಗಳಾಗಿ ಮಾಡಿ, ಪ್ರತಿ ತುಂಡಿಗೆ ಎಣಿಕೆ ಮತ್ತು ಹ್ಯಾಶ್‌ಗಳ ಮೊತ್ತವನ್ನು ತೆಗೆಯಿರಿ. ಎಂಡಿ5ರ ಮೊದಲ ಎಂಟು ಅಂಕಿಗಳನ್ನು ಸಂಖ್ಯೆಯಾಗಿಸಿದರೆ ಕೂಡಲು ಬರುತ್ತದೆ. ಮೊತ್ತದ ಬದಲು ಎಕ್ಸಾರ್ (ಬಿಟ್ ಬಿಟ್ ಹೋಲಿಸುವ ಕ್ರಿಯೆ) ಬಳಸುವವರಿದ್ದಾರೆ. ಪ್ರೈಮರಿ ಕೀ ಇಲ್ಲದ ಟೇಬಲ್ಲಿನಲ್ಲಿ ಒಂದೇ ಸಾಲು ಎರಡು ಬಾರಿ ಇದ್ದರೆ ಅವು ಪರಸ್ಪರ ರದ್ದಾಗಿ ಏನೂ ಇಲ್ಲದಂತೆ ಕಾಣುವುದರಿಂದ ನಾನು ಅದನ್ನು ಬಳಸುವುದಿಲ್ಲ. ಹೊಂದದ ತುಂಡನ್ನು ಅರ್ಧ ಅರ್ಧ ಮಾಡುತ್ತ ಹೋದರೆ ತಪ್ಪಿದ ಸಾಲಿನವರೆಗೆ ಬೇಗ ತಲುಪುತ್ತೀರಿ. ಎಣಿಕೆಯನ್ನು ಸಿಸ್ಟಂ ಟೇಬಲ್ಲುಗಳಿಂದ ತೆಗೆದಿದ್ದರೆ ಅದನ್ನು ನಂಬಬೇಡಿ. ಎರಡರಲ್ಲೂ ಅಲ್ಲಿರುವುದು ಸಾಮಾನ್ಯವಾಗಿ ಅಂದಾಜು ಮಾತ್ರ.

ಉತ್ತರ: ಬೇಡ್ತಿಕಣಿವೆ (ಯಲ್ಲಾಪುರ)

ಹುಲೇಕಲ್ ಎರಡಾದದ್ದರ ಬಗ್ಗೆ ಮಾತ್ರ ಹೇಳುತ್ತೇನೆ. ಕೊನೆಯ ಅರ್ಧಾಕ್ಷರದ ನಂತರ ಕೆಲವರ ಕೀಲಿಮಣೆ ಕಣ್ಣಿಗೆ ಕಾಣದ ಒಂದು ಅಕ್ಷರವನ್ನು, ಯೂನಿಕೋಡ್‌ನಲ್ಲಿ 200ಸಿ ಎಂಬ ಸಂಕೇತದ್ದನ್ನು, ಸೇರಿಸುತ್ತದೆ. ನಿಮ್ಮ ಹಳೆಯ ಟೇಬಲ್, ಅಕ್ಷರಗಳನ್ನು ಹೋಲಿಸುವ ನಿಯಮವಾದ ಯೂನಿಕೋಡ್-ಸಿಐ ಕೊಲೇಷನ್‌ನಲ್ಲಿದ್ದರೆ, ಹೋಲಿಸುವಾಗ ಆ ಅಕ್ಷರಕ್ಕೆ ಯಾವ ತೂಕವೂ ಇಲ್ಲದ್ದರಿಂದ ಎರಡೂ ಹುಲೇಕಲ್ ಒಂದಾಗಿದ್ದವು. ಪೋಸ್ಟ್‌ಗ್ರೆಸ್ ಪೂರ್ವನಿಗದಿಯಂತೆ ಬೈಟ್ ಬೈಟ್ ಸಮನಿದ್ದರೆ ಮಾತ್ರ ಒಂದೆನ್ನುತ್ತದೆ. ‘ಭಟ್’ ಎಂದು ಮುಗಿಯುವ ಹೆಸರುಗಳನ್ನೂ ಹುಡುಕಿ ನೋಡಿ, ನಮ್ಮ ಸೀಮೆಯಲ್ಲಿ ಅವು ಕಡಿಮೆಯೇನಿಲ್ಲ. ಇದಲ್ಲದೆ ‘ಕೊ’ದಂಥ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳಾಗಿಯೂ ಬರೆಯಲು ಬರುತ್ತದೆ, ಪೋಸ್ಟ್‌ಗ್ರೆಸ್ 13ರಿಂದ ಈಚೆಗೆ ಇರುವ ನಾರ್ಮಲೈಸ್ ಫಂಕ್ಷನ್ ಅವನ್ನು ಒಂದು ಮಾಡುತ್ತದೆ, ಆದರೆ 200ಸಿಯನ್ನು ತೆಗೆಯುವುದಿಲ್ಲ. ಅದನ್ನು ನೀವೇ ತೆಗೆಯಬೇಕು. ಹೇಗೂ ಡೇಟಾವನ್ನು ಮತ್ತೆ ಸಾಗಿಸುವವರಿದ್ದೀರಿ, ಜೊತೆಗೇ ಹೆಸರುಗಳನ್ನೂ ಶುದ್ಧಮಾಡಿಬಿಡಿ.

ಉತ್ತರ: ಅಘನಾಶಿನಿ (ಕುಮಟಾ)

ಹಿಂದಿನವರ ಕೊನೆಯ ಸಲಹೆಗೆ ನನ್ನ ಒಪ್ಪಿಗೆ ಇಲ್ಲ. ಸಾಗಿಸುವಾಗಲೇ ತಿದ್ದಿದರೆ ಹಳೆಯದಕ್ಕೂ ಹೊಸದಕ್ಕೂ ಇರುವ ಪ್ರತಿಯೊಂದು ವ್ಯತ್ಯಾಸವೂ ‘ಇದು ನಾವೇ ತಿದ್ದಿದ್ದು’ ಎಂಬ ಸಮಜಾಯಿಷಿಯೊಳಗೆ ಸೇರಿಹೋಗುತ್ತದೆ, ಮತ್ತು ನಿಜವಾಗಿ ಕೆಟ್ಟದ್ದು ಅದರಲ್ಲೇ ಮರೆಯಾಗುತ್ತದೆ. ಮೊದಲು ಇದ್ದಂತೆಯೇ, ಕಾಣದ ಅಕ್ಷರಗಳ ಸಮೇತ ಸಾಗಿಸಿ. ತಾಳೆಯಾಗಿದೆ ಎಂದು ಸಹಿ ಬೀಳಲಿ. ಅನಂತರ ಶುದ್ಧೀಕರಣವನ್ನು ಬೇರೆ ಕೆಲಸವಾಗಿ, ತಿದ್ದುವ ಮುಂಚಿನ ಮೌಲ್ಯವನ್ನು ಉಳಿಸಿಕೊಂಡು ಮಾಡಿ.

ನಾನು ಗಣಕದವನಲ್ಲ, ಸಹಕಾರಿ ಲೆಕ್ಕಪತ್ರದ ಕಡೆಯವನು. ಹ್ಯಾಶ್ ಹೊಂದಿತು ಎಂಬ ಮಾತು ಲೆಕ್ಕಪರಿಶೋಧಕರಿಗೆ ಸಾಲುವುದಿಲ್ಲ. ಅವರು ಕೇಳುವುದು ಪ್ರತಿ ಸದಸ್ಯರ ಅಖೈರು ಶಿಲ್ಕು (ಕೊನೆಯ ಬಾಕಿ), ತೇರೀಜಿನ (ಎಲ್ಲ ಖಾತೆಗಳ ಬಾಕಿಪಟ್ಟಿಯ) ಖರ್ಚು-ಜಮಾ ಸಮನಿರುವುದು, ಮತ್ತು ಪ್ರತಿ ಪಟ್ಟಿಯಲ್ಲಿ ತೂಕವನ್ನು ದರದಿಂದ ಗುಣಿಸಿ ಕಡಿತಗಳನ್ನು ಕಳೆದದ್ದು ಖಾತೆಗೆ ಜಮೆಯಾದ ಮೊತ್ತಕ್ಕೆ ಹೊಂದುವುದು. ಹಳೆಯ ತಂತ್ರಾಂಶದಿಂದ ಮುದ್ರಿಸಿ ಸಹಿಯಾಗಿರುವ ಕಳೆದ ಮಾರ್ಚ್ 31ರ ಅಢಾವೆ ಪತ್ರಿಕೆ (ಆಸ್ತಿ-ಜವಾಬ್ದಾರಿ ತಖ್ತೆ) ಕಡತದಲ್ಲಿ ಇದ್ದೇ ಇರುತ್ತದೆ. ಹೊಸ ಡೇಟಾಬೇಸಿನಿಂದ ಅದೇ ಪತ್ರಿಕೆಯನ್ನು ತೆಗೆದು ಆ ಕಾಗದಕ್ಕೆ ಹೋಲಿಸಿ. ಎರಡು ಡೇಟಾಬೇಸುಗಳನ್ನು ಪರಸ್ಪರ ಹೋಲಿಸಿದಾಗ ಎರಡರಲ್ಲೂ ಇರುವ ತಪ್ಪು ಹೊರಬೀಳುವುದಿಲ್ಲ. ಕಾಗದಕ್ಕೆ ಹೋಲಿಸಿದಾಗ ಬೀಳುತ್ತದೆ.

ನಮ್ಮ ಗಣಕ ವಿಭಾಗದವರಿಂದ ತಿಳಿದ ಮತ್ತೊಂದು ಸಂಗತಿ: ಹಳೆಯ ಟೇಬಲ್ಲುಗಳು ಮೈಐಸ್ಯಾಮ್ ಬಗೆಯವಾಗಿದ್ದರೆ ಅವುಗಳಲ್ಲಿ ಫಾರಿನ್ ಕೀ (ಒಂದು ಟೇಬಲ್ಲಿನ ಸಾಲು ಇನ್ನೊಂದರ ಸಾಲಿಗೆ ಸೇರಿರಲೇಬೇಕೆಂಬ ನಿಯಮ) ಎಂದು ಬರೆದಿದ್ದರೂ ಅದು ಜಾರಿಯಲ್ಲಿ ಇರುವುದಿಲ್ಲ. ಸದಸ್ಯರೇ ಇಲ್ಲದ ಪಟ್ಟಿಗಳು, ಪಟ್ಟಿಯೇ ಇಲ್ಲದ ಕಡಿತಗಳು ಉಳಿದಿರಬಹುದು. ಹೊಸದರಲ್ಲಿ ಕೀ ಹಾಕಲು ಅವು ಅಡ್ಡ ಬಂದಾಗ ಅಳಿಸಿಬಿಡುವ ಆಸೆಯಾಗುತ್ತದೆ. ದಯವಿಟ್ಟು ಅಳಿಸಬೇಡಿ. ಪಟ್ಟಿ ಮಾಡಿ ಲೆಕ್ಕ ವಿಭಾಗಕ್ಕೆ ಕೊಡಿ, ಏಕೆಂದರೆ ಅವುಗಳ ಹಿಂದೆ ಯಾರದೋ ಹಣ ಇರಬಹುದು.

ಘಟ್ಟದಮೇಲಿನವ (ಶಿರಸಿ)

ಮೂವರಿಗೂ ಕೃತಜ್ಞತೆಗಳು. ಸಂಜೆ 6.30ರ ನಂತರದ ತೂಕಗಳ ಮೊತ್ತ ವ್ಯತ್ಯಾಸಕ್ಕೆ ಕಿಲೋ ಕಿಲೋ ಹೊಂದಿತು. ಹುಲೇಕಲ್‌ನಲ್ಲಿ 200ಸಿ ಸಿಕ್ಕಿದೆ. ಕುಮಟಾದವರು ಹೇಳಿದಂತೆ ಅದನ್ನು ಸದ್ಯಕ್ಕೆ ಮುಟ್ಟದೆ ಉಳಿಸಿದ್ದೇವೆ. ನಿಯಮ ತಿದ್ದಿ ಮತ್ತೆ ಸಾಗಿಸಿದ ನಂತರ, ಒಪ್ಪಿತ ರೂಪದ ಹ್ಯಾಶ್‌ನಲ್ಲಿ ಹೊಂದದೆ ಉಳಿದದ್ದು ಸೊನ್ನೆ ದಿನಾಂಕಗಳಿದ್ದ ಸಾಲುಗಳು ಮಾತ್ರ. ಅವನ್ನು ನಲ್ ಎಂದು ಒಪ್ಪುವುದಾಗಿ ಕಾಗದದಲ್ಲಿ ಬರೆದು ಮುಂದಿಟ್ಟಿದ್ದೇವೆ. ಶಾಖೆಯ ಪ್ರತಿಯ ಬಗ್ಗೆ ಕಾರವಾರದವರು ಸ್ವಲ್ಪ ವಿವರಿಸುವಿರಾ? ಮಳೆಗಾಲದಲ್ಲಿ ಘಟ್ಟದ ಕೆಳಗೆ ವಿದ್ಯುತ್ತು, ಇಂಟರ್‌ನೆಟ್ ಎರಡೂ ಆಗಾಗ ಕೈಕೊಡುತ್ತವೆ ಎಂಬುದು ತಮಗೆ ತಿಳಿದದ್ದೇ.

ಉತ್ತರ: ಕಾಳಿದಂಡೆ (ಕಾರವಾರ)

ಶಾಖೆಯಲ್ಲಿ ವರದಿ ನೋಡುವುದಷ್ಟೇ ಉದ್ದೇಶವಾಗಿದ್ದರೆ ಸ್ಟ್ರೀಮಿಂಗ್ ರೆಪ್ಲಿಕೇಷನ್ (ಇಡೀ ಡೇಟಾಬೇಸಿನ ಬದಲಾವಣೆಗಳನ್ನು ಪ್ರತಿಗೆ ಹಾಗೆಯೇ ಕಳಿಸುತ್ತಿರುವ ಬಗೆ) ಆರಿಸಿಕೊಳ್ಳಿ. ಅಲ್ಲಿ ಯಾರೂ ಬರೆಯಲು ಸಾಧ್ಯವಿಲ್ಲವಾದ್ದರಿಂದ ಪ್ರತಿ ಬೇರೆಯಾಗುವ ದಾರಿಗಳೇ ಕಡಿಮೆ. ಲಾಜಿಕಲ್ ರೆಪ್ಲಿಕೇಷನ್‌ನಲ್ಲಿ ಪ್ರತಿಯ ಕಡೆಯೂ ಬರೆಯಬಹುದು; ನಿಮ್ಮ ಆವೃತ್ತಿಯಲ್ಲಿ ಕ್ರಮಸಂಖ್ಯೆ ಕೊಡುವ ಸೀಕ್ವೆನ್ಸ್‌ಗಳ ಮೌಲ್ಯವೂ ಟೇಬಲ್ ರಚನೆಯ ಬದಲಾವಣೆಯೂ ಅದರ ಮೂಲಕ ಹೋಗುವುದಿಲ್ಲ. ಸ್ಟ್ರೀಮಿಂಗ್ ಆದರೆ ಎರಡೂ ಯಂತ್ರಗಳಲ್ಲಿ ಒಂದೇ ಆವೃತ್ತಿಯ ಲಿನಕ್ಸ್ ಇರಲಿ. ಲಿನಕ್ಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿಯ 2018ರ 2.28 ಆವೃತ್ತಿಯಲ್ಲಿ ಅಕ್ಷರಗಳ ಅನುಕ್ರಮ ಬದಲಾಯಿತು. ಒಂದು ಯಂತ್ರ ಅದಕ್ಕಿಂತ ಹಳೆಯದು, ಇನ್ನೊಂದು ಹೊಸದು ಆಗಿದ್ದರೆ ಡೇಟಾ ಸರಿಯಿದ್ದೂ ಇಂಡೆಕ್ಸ್ ಮೂಲಕ ಹುಡುಕಿದಾಗ ಪ್ರತಿಯಲ್ಲಿ ಸಾಲು ಸಿಗದೆ ಹೋಗಬಹುದು. ಹುಡುಕುವವರಿಗೆ ಇದು ಡೇಟಾ ಕಳೆದಂತೆಯೇ ಕಾಣುತ್ತದೆ.

ನಿತ್ಯದ ತಾಳೆಗೆ ಎರಡೂ ಕಡೆ ಒಂದೇ ಕ್ಷಣವನ್ನು ಹಿಡಿಯಲು ಹೆಣಗಬೇಡಿ. ನಿನ್ನೆಯವರೆಗಿನ, ಇಂದು ಮುಟ್ಟದ ಸಾಲುಗಳನ್ನು ಮಾತ್ರ ತುಂಡು ತುಂಡಾಗಿ ಹೋಲಿಸಿ; ಹೊಂದದ ತುಂಡನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಆಗ ಹೊಂದಿದರೆ ಅದು ಬರೀ ವಿಳಂಬ, ಹೊಂದದಿದ್ದರೆ ವಿಚಾರಿಸಬೇಕಾದ ವ್ಯತ್ಯಾಸ. ಪ್ರತಿ ನಿಮಿಷ ಮೂಲದಲ್ಲಿ ಸಮಯ ಬರೆಯುವ ಒಂದು ಸಣ್ಣ ಟೇಬಲ್ ಇಟ್ಟರೆ, ತಮ್ಮಲ್ಲಿರುವ ಪ್ರತಿ ಎಷ್ಟು ಹಿಂದುಳಿದಿದೆ ಎಂಬುದು ಶಾಖೆಯವರಿಗೂ ನೇರವಾಗಿ ತಿಳಿಯುತ್ತದೆ.

ಸಂಪರ್ಕ ದಿನಗಟ್ಟಲೆ ಕಡಿದರೆ ರೆಪ್ಲಿಕೇಷನ್ ಸ್ಲಾಟ್ (ಪ್ರತಿ ಎಲ್ಲಿಯವರೆಗೆ ಪಡೆದಿದೆ ಎಂದು ನೆನಪಿಡುವ ವ್ಯವಸ್ಥೆ) ತಾನು ಕಳಿಸಬೇಕಾದ ಬದಲಾವಣೆಗಳ ಲಾಗನ್ನು ಶಿರಸಿಯಲ್ಲೇ ಕೂಡಿಡುತ್ತ ಡಿಸ್ಕ್ ತುಂಬಿಸಬಹುದು. ಪೋಸ್ಟ್‌ಗ್ರೆಸ್ 13ರಿಂದ ಈ ಸಂಗ್ರಹಕ್ಕೆ ಗರಿಷ್ಠ ಮಿತಿ ಹಾಕಲು ಅವಕಾಶವಿದೆ. ಮಿತಿ ದಾಟಿದರೆ ಸ್ಲಾಟ್ ಅಸಿಂಧುವಾಗಿ ಪ್ರತಿಯನ್ನು ಸಾಮಾನ್ಯವಾಗಿ ಮೊದಲಿನಿಂದ ಕಟ್ಟಬೇಕಾಗುತ್ತದೆಯಾದರೂ, ಕೌಂಟರ್ ನಿಲ್ಲುವುದಕ್ಕಿಂತ ಅದು ವಾಸಿ. ಹಾಗೆ ಕಟ್ಟಿದ ಮೇಲೆ ನಿನ್ನೆಯವರೆಗಿನ ತುಂಡುಗಳಷ್ಟೇ ಅಲ್ಲ, ಇಡೀ ಟೇಬಲ್ಲುಗಳ ತಾಳೆಯನ್ನು ಒಮ್ಮೆ ನಡೆಸಿ. ಮತ್ತೊಂದು ಮಾತು: ಕೌಂಟರನ್ನು ಹೊಸದಕ್ಕೆ ತಿರುಗಿಸುವ ದಿನ, ಪಟ್ಟಿ ಸಂಖ್ಯೆ ಕೊಡುವ ಪ್ರತಿಯೊಂದು ಸೀಕ್ವೆನ್ಸ್ ಆಯಾ ಟೇಬಲ್ಲಿನ ಗರಿಷ್ಠ ಸಂಖ್ಯೆಗಿಂತ ಮುಂದಿದೆಯೇ ಎಂದು ನೋಡಿ. ಇಲ್ಲದಿದ್ದರೆ ಮೊದಲ ಪಟ್ಟಿಯೇ ಇರುವ ಸಂಖ್ಯೆಗೆ ಡಿಕ್ಕಿ ಹೊಡೆಯುತ್ತದೆ.